ಸ್ಟಬ್ ಉತ್ತರಕ್ಕೆ ಮಿಲಿಸೆಕೆಂಡ್ ಎಣಿಸಬೇಡಿ, ತೂಬು ಇಡಿ

ಆಷಾಢದ ಮಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಚಿಕ್ಕಪ್ಪನ ಫೋನ್ ಬಂತು. ಅವರ ತೋಟ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ. "ಅಲ್ಲ ಮಾರಾಯ, ನಿಮ್ಮ ಅಡಿಕೆ ದರದ ಆ್ಯಪ್ ನೋಡಿಕೊಂಡೇ ಪಿಕಪ್ ಮಾಡಿಸಿ ಅಡಿಕೆ ತಂದೆ. ಇಲ್ಲಿ ಮಂಡಿಯಲ್ಲಿ ರಾಶಿಗೆ ಬೇರೆಯೇ ದರ ಹೇಳ್ತಾರಲ್ಲ, ಎಂತ ಕಥೆ ಇದು?" ಅಂದರು. ಯಾವ ಊರಿನ ದರ ನೋಡಿದ್ರಿ ಚಿಕ್ಕಪ್ಪ ಅಂತ ಕೇಳಿದೆ. "ಮೇಲೆ ಶಿವಮೊಗ್ಗ ಅಂತಲೇ ಬರೆದಿತ್ತಪ್ಪ" ಅಂದರು.

ಮೇಲೆ ಶಿವಮೊಗ್ಗ ಅಂತಲೇ ಇತ್ತು. ಕೆಳಗಿದ್ದ ದರ ಮಾತ್ರ ಸಾಗರದ್ದು. ಅವರು ಮೊದಲು ಸಾಗರ ಒತ್ತಿದ್ದರು, ಅಲ್ಲಿ ಸಿಗ್ನಲ್ ಇದ್ದೂ ಇಲ್ಲದ ಹಾಗೆ, ಉತ್ತರ ಬರಲಿಲ್ಲ, ಸರಿ ಅಂತ ಶಿವಮೊಗ್ಗ ಒತ್ತಿದರು. ಶಿವಮೊಗ್ಗದ ಉತ್ತರ ಬೇಗ ಬಂತು. ಹಿಂದೆ ಉಳಿದಿದ್ದ ಸಾಗರದ ಉತ್ತರ ಆಮೇಲೆ ನಿಧಾನವಾಗಿ ಬಂದು ಅದರ ಮೇಲೆ ಕೂತಿತು. ರಾಶಿ ಅಂದರೆ ಅಡಿಕೆಯ ಒಂದು ಬಗೆ, ಎರಡೂ ಮಾರುಕಟ್ಟೆಯಲ್ಲಿ ಇರುವ ಹೆಸರು, ಹಾಗಾಗಿ ನೋಡಿದವರಿಗೆ ಅನುಮಾನ ಬರುವ ಮಾತೇ ಇಲ್ಲ. ಒಬ್ಬ ಬೆಳೆಗಾರ ಬಾಡಿಗೆ ಕೊಟ್ಟು ಅಷ್ಟು ದೂರ ಮೂಟೆ ಹೊತ್ತು ತರುವುದು ಆ ಒಂದು ಅಂಕಿಯನ್ನು ನಂಬಿ. ಅವತ್ತು ನನಗೆ ನಿಜಕ್ಕೂ ತುಂಬ ಬೇಜಾರಾಯಿತು.

ಆ್ಯಪ್‌ನಲ್ಲಿ ಊರು ಬದಲಿಸುವುದು ಸರಿ ಇದೆಯಾ ಅಂತ ತಾನಾಗಿ ನೋಡುವ ಟೆಸ್ಟ್ ಇತ್ತು. ದಿನಾ ಓಡುತ್ತಿತ್ತು, ದಿನಾ ಹಸಿರು, ಅಂದರೆ ಪಾಸು. ಅದು ಈ ತಪ್ಪನ್ನು ಯಾಕೆ ಹಿಡಿಯಲಿಲ್ಲ, ಹಿಡಿಯುವ ಹಾಗೆ ಬರೆಯುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೈಪ್ರೆಸ್, ಪ್ಲೇರೈಟ್, ಜೆಸ್ಟ್, ಎಂಎಸ್‌ಡಬ್ಲ್ಯೂ ಅನ್ನುವ ಟೆಸ್ಟ್ ಸಾಧನಗಳಲ್ಲಿ ಯಾವುದನ್ನಾದರೂ ಸ್ವಲ್ಪ ಬಳಸಿ ಗೊತ್ತಿದ್ದರೆ ಸಾಕು.

ಕೂಡಲೇ ಬರುವ ಉತ್ತರ ಏನನ್ನು ಮುಚ್ಚಿಡುತ್ತದೆ

ನಮ್ಮ ಟೆಸ್ಟ್‌ನಲ್ಲಿ ನಿಜವಾದ ಸರ್ವರ್ ಇರಲಿಲ್ಲ, ಸ್ಟಬ್ ಇತ್ತು. ಆ್ಯಪ್ ದರ ಕೇಳಿದಾಗ ನಾವು ಮೊದಲೇ ಬರೆದಿಟ್ಟ ಉತ್ತರವನ್ನು ಟೆಸ್ಟ್ ಸಾಧನ ನಡುವೆ ನಿಂತು ಕೊಟ್ಟುಬಿಡುತ್ತದೆ. ಅದು ಒಳ್ಳೆಯದೇ. ಸರ್ವರ್ ಬಿದ್ದಿದ್ದರೂ ಟೆಸ್ಟ್ ಓಡುತ್ತದೆ, ದರ ದಿನಾ ಬದಲಾದರೂ ಟೆಸ್ಟ್ ಕೆಡುವುದಿಲ್ಲ. ಆದರೆ ಉತ್ತರ ಕೇಳಿದ ಕೂಡಲೇ ಬರುತ್ತದೆ, ತೊಂದರೆ ಅಲ್ಲಿದೆ. ಸಾಗರ ಒತ್ತಿದಿರಿ, ಸಾಗರದ್ದು ಬಂದಾಯಿತು. ಆಮೇಲೆ ಶಿವಮೊಗ್ಗ ಒತ್ತಿದಿರಿ, ಅದೂ ಬಂದಾಯಿತು. ಎರಡು ರಿಕ್ವೆಸ್ಟ್ ಒಟ್ಟಿಗೆ ದಾರಿಯಲ್ಲಿರುವ ಗಳಿಗೆ ಆ ಟೆಸ್ಟ್‌ನಲ್ಲಿ ಹುಟ್ಟುವುದೇ ಇಲ್ಲ.

ಇದರಿಂದ ಕಣ್ಣಿಗೆ ಬೀಳದೇ ಹೋಗುವುದು ಇದೊಂದೇ ಅಲ್ಲ. ಲೋಡಿಂಗ್ ಚಕ್ರ ಒಂದು ಫ್ರೇಮ್ ಕೂಡ ನಿಲ್ಲುವುದಿಲ್ಲ, ಹಾಗಾಗಿ ಅದು ಸರಿ ಇದೆಯಾ ಅಂತ ನೋಡುವುದಕ್ಕೆ ಆಗುವುದಿಲ್ಲ. 'ಕಳಿಸಿ' ಅನ್ನುವ ಬಟನ್ ಉತ್ತರ ಬರುವ ತನಕ ಒತ್ತಲು ಬಾರದ ಹಾಗೆ ಇರಬೇಕು ಅಲ್ವಾ, ಅದೂ ಗೊತ್ತಾಗುವುದಿಲ್ಲ. ಉತ್ತರ ಬರುವ ಮುಂಚೆ ಬಳಕೆದಾರ ಬೇರೆ ಪುಟಕ್ಕೆ ಹೋದರೆ ಏನಾಗುತ್ತದೆ ಅನ್ನುವುದೂ ಗೊತ್ತಾಗುವುದಿಲ್ಲ. ಮಲೆನಾಡಿನಲ್ಲಿ ಫೋನ್ ಹಿಡಿದವರು ದಿನದ ಅರ್ಧ ಹೊತ್ತು ಇಂಥ ಗಳಿಗೆಗಳಲ್ಲೇ ಇರುತ್ತಾರೆ. ನಮ್ಮ ಟೆಸ್ಟ್ ಮಾತ್ರ ಅಲ್ಲಿಗೆ ಕಾಲೇ ಇಟ್ಟಿರಲಿಲ್ಲ.

ಮೊದಲು ಎಲ್ಲರೂ ಹಾಕುವುದು: ತಡ

ಸರಿ, ಉತ್ತರವನ್ನು ತಡ ಮಾಡೋಣ ಅಂತ ಹೊರಡುತ್ತೀರಿ. ಸಾಧನಗಳಲ್ಲಿ ಅದಕ್ಕೆ ದಾರಿ ಇದೆ. ಸೈಪ್ರೆಸ್‌ನಲ್ಲಿ ಇಂಟರ್ಸೆಪ್ಟ್ ಅನ್ನುವ ಆದೇಶ ಇದೆ, 2020ರಲ್ಲಿ 6.0 ಆವೃತ್ತಿಯ ಜೊತೆ ಬಂದದ್ದು. ಅದಕ್ಕೆ ಕೊಡುವ ಉತ್ತರದಲ್ಲಿ ಡಿಲೇ ಅಂತ ಒಂದು ಜಾಗ, ಅಲ್ಲಿ ಮಿಲಿಸೆಕೆಂಡ್ ಬರೆದರೆ ಆಯಿತು. ಪಕ್ಕದಲ್ಲೇ ಥ್ರಾಟಲ್ ಕೆಬಿಪಿಎಸ್ ಅಂತ ಇನ್ನೊಂದು, ಅದು ವೇಗ ಕಡಿಮೆ ಮಾಡುತ್ತದೆ. ಎಂಎಸ್‌ಡಬ್ಲ್ಯೂನಲ್ಲಿ ಡಿಲೇ ಅನ್ನುವ ಫಂಕ್ಷನ್ ಇದೆ. ಅದಕ್ಕೆ ಅಂಕಿ ಕೊಡದೆ ಸುಮ್ನೆ ಕರೆದರೆ ಬ್ರೌಸರ್‌ನಲ್ಲಿ 100ರಿಂದ 400 ಮಿಲಿಸೆಕೆಂಡ್ ನಡುವೆ ಯಾವುದೋ ಒಂದನ್ನು ತಾನೇ ಆರಿಸಿಕೊಳ್ಳುತ್ತದೆ, ನೋಡ್‌ನಲ್ಲಾದರೆ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಬರೀ 5 ಮಿಲಿಸೆಕೆಂಡ್. ಪ್ಲೇರೈಟ್‌ನಲ್ಲಿ ಉತ್ತರ ಕೊಡುವ ಫುಲ್‌ಫಿಲ್‌ನಲ್ಲಿ ಇಂಥ ಜಾಗ ಇಲ್ಲ, ರೂಟ್ ಹ್ಯಾಂಡ್ಲರ್ ಒಳಗೆ, ಅಂದರೆ ರಿಕ್ವೆಸ್ಟ್ ಹಿಡಿಯುವ ಫಂಕ್ಷನ್ ಒಳಗೆ, ನೀವೇ ಕಾಯಬೇಕು.

ನಾವೂ ಹೀಗೇ ಶುರು ಮಾಡಿದ್ದು. ಚಕ್ರ ಕಾಣಲಿ ಅಂತ 300 ಮಿಲಿಸೆಕೆಂಡ್ ಹಾಕಿದೆವು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿತ್ತು, ಸಿಐ ಯಂತ್ರದಲ್ಲಿ (ಎಲ್ಲರ ಕೋಡ್ ಮೇಲೆ ಟೆಸ್ಟ್ ತಾನಾಗಿ ಓಡಿಸುವ ಯಂತ್ರ) ವಾರಕ್ಕೆರಡು ಸಲ ಬೀಳುತ್ತಿತ್ತು. ಆ ಯಂತ್ರ ಏನೋ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಿದ್ದಾಗ ಟೆಸ್ಟ್ ಚಕ್ರವನ್ನು ನೋಡಲು ಬರುವ ಹೊತ್ತಿಗೆ ಚಕ್ರ ಬಂದು ಹೋಗಿರುತ್ತಿತ್ತು. ಯಾರೋ 300 ಅನ್ನು 2000 ಮಾಡಿದರು. ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಮತ್ತೆ 40 ಟೆಸ್ಟ್‌ಗೆ ತಲಾ ಎರಡು ಸೆಕೆಂಡ್ ಅಂದರೆ 80 ಸೆಕೆಂಡ್ ಸುಮ್ನೆ ಕಾಯುವುದಕ್ಕೇ ಹೋಯಿತು.

ಗಮನಿಸಿ, ಇಲ್ಲಿ ಟೆಸ್ಟ್‌ಗೂ ಸ್ಟಬ್‌ಗೂ ಮಾತುಕತೆಯೇ ಇಲ್ಲ. ಇಬ್ಬರೂ ಬೇರೆ ಬೇರೆ ಗಡಿಯಾರ ನೋಡಿಕೊಂಡು ಓಡುತ್ತಿದ್ದಾರೆ, ಒಂದೇ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬರಲಿ ಅಂತ ನಾವು ಆಸೆ ಪಡುತ್ತಿದ್ದೇವೆ. ನಮಗೆ ಬೇಕಿರುವುದು ಎಷ್ಟು ಹೊತ್ತು ಅನ್ನುವ ಲೆಕ್ಕವೇ ಅಲ್ಲ. ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ.

ತೂಬು ಇಡುವುದು

ಕೆರೆ ಕೆಳಗೆ ಗದ್ದೆ ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೀರು ಎಷ್ಟು ಗಂಟೆಗೆ ಬರುತ್ತದೆ ಅಂತ ಯಾರೂ ಊಹೆ ಮಾಡುತ್ತಾ ಕೂರುವುದಿಲ್ಲ. ಬದು ಕಟ್ಟಿ ಆಯಿತಾ ನೋಡುತ್ತಾರೆ, ಆಮೇಲೆ ತೂಬು ಎತ್ತುತ್ತಾರೆ. ಸ್ಟಬ್‌ಗೂ ಅಂಥ ಒಂದು ತೂಬು ಬೇಕು. ರಿಕ್ವೆಸ್ಟ್ ಬಂದು ತೂಬಿನ ಹಿಂದೆ ನಿಲ್ಲಬೇಕು, ಟೆಸ್ಟ್ ಎತ್ತು ಅಂದಾಗ ಮಾತ್ರ ಉತ್ತರ ಹರಿಯಬೇಕು.

ಜಾವಾಸ್ಕ್ರಿಪ್ಟ್‌ನಲ್ಲಿ ತೂಬು ಅಂದರೆ ಒಂದು ಪ್ರಾಮಿಸ್, ಮುಂದೆ ಯಾವಾಗಲೋ ಮುಗಿಯುವ ಕೆಲಸಕ್ಕೆ ಈಗಲೇ ಕೈಗೆ ಸಿಗುವ ಚೀಟಿ. ಹೊಸ ಪ್ರಾಮಿಸ್ ಮಾಡುವಾಗ ಒಳಗೆ ರಿಸಾಲ್ವ್ ಅಂತ ಒಂದು ಫಂಕ್ಷನ್ ಸಿಗುತ್ತದಲ್ಲ, ಅದನ್ನು ಹೊರಗಿನ ಒಂದು ವೇರಿಯಬಲ್‌ಗೆ ಹಾಕಿಟ್ಟುಕೊಳ್ಳಿ. ಆ ವೇರಿಯಬಲ್‌ಗೆ 'ತೆರೆ' ಅಂತ ಹೆಸರಿಡಿ. ಸ್ಟಬ್ ಹ್ಯಾಂಡ್ಲರ್ ಆ ಪ್ರಾಮಿಸ್‌ಗಾಗಿ ಕಾಯುತ್ತದೆ, ಟೆಸ್ಟ್ 'ತೆರೆ' ಅನ್ನು ಕರೆದ ಕೂಡಲೇ ಮುಂದೆ ಹೋಗುತ್ತದೆ. ನೋಡ್ 22 ಅಥವಾ ಅದಕ್ಕಿಂತ ಹೊಸದಾದರೆ ಪ್ರಾಮಿಸ್ ಡಾಟ್ ವಿತ್‌ರಿಸಾಲ್ವರ್ಸ್ ಅನ್ನುವುದು ಇದನ್ನು ಒಂದೇ ಸಾಲಿನಲ್ಲಿ ಮಾಡಿಕೊಡುತ್ತದೆ.

ಟೆಸ್ಟ್ ಹೀಗೆ ಓದಿಕೊಳ್ಳಬೇಕು:

ತೂಬು ಮುಚ್ಚಿಡು
ದರದ ರಿಕ್ವೆಸ್ಟ್ ಬಂದರೆ, ತೂಬು ತೆರೆಯುವ ತನಕ ಕಾಯಿ, ಆಮೇಲೆ ಸ್ಟಬ್ ಉತ್ತರ ಕೊಡು
ಪುಟಕ್ಕೆ ಹೋಗು, ಶಿವಮೊಗ್ಗ ಒತ್ತು
ಲೋಡಿಂಗ್ ಚಕ್ರ ಕಾಣುತ್ತಿದೆಯಾ ನೋಡು
ತೂಬು ತೆರೆ
ಚಕ್ರ ಹೋಯಿತಾ, ದರ ಬಂತಾ ನೋಡು

ಇದರಲ್ಲಿ ಒಂದೇ ಒಂದು ಮಿಲಿಸೆಕೆಂಡ್ ಇಲ್ಲ, ನೋಡಿ. ಯಂತ್ರ ನಿಧಾನವಾಗಿದ್ದರೆ ಚಕ್ರ ಜಾಸ್ತಿ ಹೊತ್ತು ಸುತ್ತುತ್ತದೆ, ವೇಗವಾಗಿದ್ದರೆ ಕಡಿಮೆ ಹೊತ್ತು. ಟೆಸ್ಟ್ ನೋಡುವ ಮುಂಚೆ ಮಾತ್ರ ಅದು ಮಾಯವಾಗುವುದು ಸಾಧ್ಯವಿಲ್ಲ. ನಮ್ಮ ಎರಡು ಸೆಕೆಂಡ್ ಕಾಯುವ ಟೆಸ್ಟ್‌ಗಳು ಹೀಗೆ ಬದಲಾಯಿಸಿದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯತೊಡಗಿದವು.

ಸೈಪ್ರೆಸ್‌ನಲ್ಲಿ ಎಡವುವ ಜಾಗಗಳು

ಇಲ್ಲಿ ನಾನು ಎರಡು ದಿನ ಕಳೆದಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೈಪ್ರೆಸ್ ಆದೇಶಗಳು ಬರೆದ ಕೂಡಲೇ ಓಡುವುದಿಲ್ಲ. ಅವು ಸಾಲಿನಲ್ಲಿ ನಿಲ್ಲುತ್ತವೆ. ಆದರೆ 'ತೆರೆ' ನಿಮ್ಮ ಸಾದಾ ಫಂಕ್ಷನ್, ಅದು ಕೂಡಲೇ ಓಡುತ್ತದೆ. ಚಕ್ರ ನೋಡುವ ಸಾಲಿನ ಕೆಳಗೆ 'ತೆರೆ' ಅಂತ ನೇರವಾಗಿ ಬರೆದರೆ, ಪುಟ ತೆರೆಯುವ ಮುಂಚೆಯೇ ತೂಬು ತೆರೆದಿರುತ್ತದೆ. ಟೆಸ್ಟ್ ಒಮ್ಮೆ ಗೆಲ್ಲುತ್ತದೆ, ಒಮ್ಮೆ ಸೋಲುತ್ತದೆ, ಏನೂ ತಿಳಿಯುವುದಿಲ್ಲ. ಚಕ್ರ ಕಾಣಬೇಕು ಅನ್ನುವ ಪರೀಕ್ಷೆಯ ಬಾಲಕ್ಕೆ ದೆನ್ ಜೋಡಿಸಿ, ಅದರ ಒಳಗೆ 'ತೆರೆ' ಕರೆಯಿರಿ. ಆಗ ಅದೂ ಸಾಲಿನಲ್ಲಿ ನಿಲ್ಲುತ್ತದೆ.

ಎರಡನೆಯದು, ತೂಬನ್ನು ತುಂಬ ಹೊತ್ತು ಮುಚ್ಚಿಡುವ ಹಾಗಿಲ್ಲ. ಇಂಟರ್ಸೆಪ್ಟ್ ಹ್ಯಾಂಡ್ಲರ್ ಹಿಂದಿರುಗಿಸಿದ ಪ್ರಾಮಿಸ್ ಡಿಫಾಲ್ಟ್ ಕಮಾಂಡ್ ಟೈಮ್‌ಔಟ್ ಒಳಗೆ, ಅಂದರೆ ಬದಲಾಯಿಸದಿದ್ದರೆ 4 ಸೆಕೆಂಡ್ ಒಳಗೆ, ಮುಗಿಯದಿದ್ದರೆ ಸೈಪ್ರೆಸ್ ಟೆಸ್ಟನ್ನೇ ಬೀಳಿಸುತ್ತದೆ. ತೂಬು ಮುಚ್ಚಿರುವಾಗ ಐದಾರು ಪರೀಕ್ಷೆ ಮಾಡುವುದಿದ್ದರೆ ಆ ಒಂದು ಟೆಸ್ಟ್‌ಗೆ ಮಾತ್ರ ಮಿತಿ ಏರಿಸಿ.

ಮೂರನೆಯದು, ವೇಟ್ ಎಲ್ಲಿ ಹಾಕುತ್ತೀರಿ ಅನ್ನುವುದು. ಅಡ್ಡಹೆಸರು ಕೊಟ್ಟ ರಿಕ್ವೆಸ್ಟ್‌ಗೆ ವೇಟ್ ಅಂದರೆ ಅದು ಉತ್ತರ ಬಂದು ಮುಗಿಯುವ ತನಕ ಕಾಯುತ್ತದೆ. ತೂಬು ತೆರೆಯುವ ಮುಂಚೆ ವೇಟ್ ಬರೆದರೆ ಇಬ್ಬರೂ ನೀನು ಮೊದಲು, ನೀನು ಮೊದಲು ಅಂತ ಬಾಗಿಲಲ್ಲೇ ನಿಂತ ಹಾಗೆ. ಮೊದಲು ಚಕ್ರ ನೋಡಿ, ಆಮೇಲೆ ತೆರೆಯಿರಿ, ಆಮೇಲೆ ವೇಟ್.

ಪ್ಲೇರೈಟ್‌ನಲ್ಲಿ

ಇಲ್ಲಿ ಸಾಲಿನ ತೊಂದರೆ ಇಲ್ಲ, ಅವೇಟ್ ಇರುವುದರಿಂದ ಬರೆದ ಕ್ರಮದಲ್ಲೇ ಓಡುತ್ತದೆ. ಪೇಜ್ ಡಾಟ್ ರೂಟ್ ಹ್ಯಾಂಡ್ಲರ್ ಒಳಗೆ ತೂಬಿಗಾಗಿ ಅವೇಟ್, ಮುಂದಿನ ಸಾಲಿನಲ್ಲಿ ಫುಲ್‌ಫಿಲ್. ಅಷ್ಟೇ.

ಆದರೂ ಎರಡು ಮಾತು. ಪುಟಕ್ಕೆ ಹೋಗುವಾಗ ನೆಟ್‌ವರ್ಕ್‌ಐಡಲ್ ತನಕ ಕಾಯಿ ಅಂತ ಬರೆದಿದ್ದರೆ ತೆಗೆದುಹಾಕಿ, ತೂಬಿನ ಹಿಂದೆ ಒಂದು ರಿಕ್ವೆಸ್ಟ್ ನಿಂತಿರುವಾಗ ನೆಟ್‌ವರ್ಕ್ ಯಾವತ್ತೂ ಖಾಲಿ ಆಗುವುದಿಲ್ಲ. ಇನ್ನೊಂದು, ವೇಟ್‌ಫಾರ್‌ರೆಸ್ಪಾನ್ಸ್ ಅನ್ನು ತೂಬು ತೆರೆಯುವ ಮುಂಚೆ ಕರೆದು ಅದರ ಪ್ರಾಮಿಸನ್ನು ಕೈಯಲ್ಲಿಟ್ಟುಕೊಳ್ಳಿ, ಅಲ್ಲಿ ಅವೇಟ್ ಹಾಕಬೇಡಿ. ತೆರೆದ ಮೇಲೆ ಅವೇಟ್ ಮಾಡಿ. ತೆರೆದ ಮೇಲೆ ಕರೆದರೆ ಉತ್ತರ ಆಗಲೇ ದಾಟಿಹೋಗಿರಬಹುದು.

ಟೆಸ್ಟ್ ಮುಗಿಯುವಾಗ ತೂಬು ಇನ್ನೂ ಮುಚ್ಚಿದ್ದರೆ ಪುಟ ಮುಚ್ಚಿಹೋದ ಮೇಲೆ ಹ್ಯಾಂಡ್ಲರ್ ಎದ್ದು ತಪ್ಪು ಎಸೆಯುವುದುಂಟು. ಅದಕ್ಕೆ ಟೆಸ್ಟ್ ಕೊನೆಯಲ್ಲಿ ಎಲ್ಲ ತೂಬುಗಳನ್ನೂ ತೆರೆದುಬಿಡಿ. 1.41 ಆವೃತ್ತಿಯಿಂದ ಅನ್‌ರೂಟ್‌ಆಲ್ ಅಂತಲೂ ಇದೆ, ಅದಕ್ಕೆ ತಪ್ಪುಗಳನ್ನು ಕಡೆಗಣಿಸು ಅಂತ ಹೇಳಬಹುದು.

ಚಿಕ್ಕಪ್ಪನ ಟೆಸ್ಟ್: ಎರಡು ತೂಬು

ಈಗ ಅಸಲು ವಿಷಯ. ಸಾಗರಕ್ಕೆ ಒಂದು ತೂಬು, ಶಿವಮೊಗ್ಗಕ್ಕೆ ಒಂದು ತೂಬು. ರಿಕ್ವೆಸ್ಟ್‌ನ ವಿಳಾಸದಲ್ಲಿ ಯಾವ ಊರು ಇದೆ ನೋಡಿ ಹ್ಯಾಂಡ್ಲರ್ ಆಯಾ ತೂಬಿಗೆ ಕಾಯಬೇಕು. ಒಂದನೆಯದು ಬಂತು, ಎರಡನೆಯದು ಬಂತು ಅಂತ ಎಣಿಸಿ ಆರಿಸಬೇಡಿ. ನಾಳೆ ಪುಟ ಇನ್ನೊಂದು ರಿಕ್ವೆಸ್ಟ್ ಕಳಿಸಲು ಶುರು ಮಾಡಿದರೆ ಲೆಕ್ಕ ಪೂರಾ ತಪ್ಪುತ್ತದೆ.

ಸ್ಟಬ್‌ನಲ್ಲಿ ಯಾವ ದರ ಬರೆಯುತ್ತೀರಿ ಅನ್ನುವುದೂ ಮುಖ್ಯ. ನಮ್ಮ ಹಳೆಯ ಟೆಸ್ಟ್‌ನಲ್ಲಿ ಎರಡೂ ಊರಿಗೆ ಒಂದೇ ಫೈಲಿನ ಉತ್ತರ ಇತ್ತು, ಒಂದೇ ದರ! ಹೀಗಿದ್ದರೆ ಅದಲು ಬದಲಾದರೂ ಟೆಸ್ಟ್‌ಗೆ ಗೊತ್ತಾಗುವುದು ಹೇಗೆ? ಸಾಗರದ ರಾಶಿಗೆ 11111, ಶಿವಮೊಗ್ಗದ ರಾಶಿಗೆ 22222 ಅಂತ ಬರೆಯಿರಿ. ಯಾರೂ ನಿಜವಾದ ದರ ಅಂತ ತಿಳಿಯುವುದಿಲ್ಲ, ಸೋತಾಗ ಪರದೆಯ ಚಿತ್ರ ನೋಡಿದ ಕೂಡಲೇ ಯಾವುದು ಎಲ್ಲಿಂದ ಬಂತು ತಿಳಿಯುತ್ತದೆ.

ಎರಡೂ ತೂಬು ಮುಚ್ಚಿಡು
ಸಾಗರ ಒತ್ತು, ಸಾಗರದ ರಿಕ್ವೆಸ್ಟ್ ತೂಬಿಗೆ ಬಂದು ನಿಂತಿತಾ ನೋಡು
ಶಿವಮೊಗ್ಗ ಒತ್ತು, ಅದೂ ಬಂದು ನಿಂತಿತಾ ನೋಡು
ಶಿವಮೊಗ್ಗದ ತೂಬು ತೆರೆ, 22222 ಕಾಣುತ್ತಿದೆಯಾ ನೋಡು
ಸಾಗರದ ತೂಬು ತೆರೆ, ಆ ಉತ್ತರ ಆ್ಯಪ್‌ಗೆ ತಲುಪುವ ತನಕ ಕಾಯಿ
ಈಗಲೂ 22222 ಇದೆಯಾ ನೋಡು

'ಬಂದು ನಿಂತಿತಾ' ಅನ್ನುವ ಸಾಲನ್ನು ಬಿಡಬೇಡಿ. ಹ್ಯಾಂಡ್ಲರ್ ಶುರುವಾದ ಕೂಡಲೇ ಇನ್ನೊಂದು ಪ್ರಾಮಿಸನ್ನು ಮುಗಿಸಿ ಟೆಸ್ಟ್‌ಗೆ ಸುದ್ದಿ ಕೊಡಲಿ. ಅಂದರೆ ಪ್ರತಿ ತೂಬಿಗೂ ಎರಡು ಪ್ರಾಮಿಸ್, ಬಂದೆ ಅನ್ನುವುದಕ್ಕೆ ಒಂದು, ಹೋಗು ಅನ್ನುವುದಕ್ಕೆ ಒಂದು. ಇದಿಲ್ಲದಿದ್ದರೆ ಸಾಗರದ ರಿಕ್ವೆಸ್ಟ್ ಹೊರಡುವ ಮುಂಚೆಯೇ ನೀವು ಶಿವಮೊಗ್ಗ ಒತ್ತಿರಬಹುದು, ಪೈಪೋಟಿ ನಡೆದೇ ಇರುವುದಿಲ್ಲ, ಟೆಸ್ಟ್ ಮಾತ್ರ ಹಸಿರು.

ಕೊನೆಯ ಎರಡು ಸಾಲಿನಲ್ಲಿ ಇನ್ನೂ ದೊಡ್ಡ ಗುಂಡಿ ಇದೆ. ತುಂಬ ಜನ ಅಲ್ಲೇ ಬೀಳುತ್ತಾರೆ, ನಾನೂ ಬಿದ್ದೆ. 22222 ಆಗಲೇ ಪರದೆ ಮೇಲಿದೆ. ಸಾಗರದ ತೂಬು ತೆರೆದ ಕೂಡಲೇ 'ಈಗಲೂ 22222 ಇದೆಯಾ' ಅಂತ ಕೇಳಿದರೆ ಇದೆ ಅಂತಲೇ ಉತ್ತರ ಬರುತ್ತದೆ, ಯಾಕಂದರೆ ಸಾಗರದ ಉತ್ತರ ಇನ್ನೂ ಪರದೆ ತನಕ ಬಂದೇ ಇಲ್ಲ. ಒಂದು ಗಳಿಗೆ ಬಿಟ್ಟು 11111 ಬಂದು ಕೂರುತ್ತದೆ, ಆಗ ಟೆಸ್ಟ್ ಮುಗಿದು ಮನೆಗೆ ಹೋಗಿರುತ್ತದೆ. ಏನೂ ಬದಲಾಗಬಾರದು ಅನ್ನುವ ಪರೀಕ್ಷೆಗೆ ಯಾವಾಗಲೂ ಈ ಕಷ್ಟ.

ನಮಗೆ ಒಗ್ಗಿದ ದಾರಿ ಇದು. ಆ್ಯಪ್ ಹಳೆಯ ಉತ್ತರವನ್ನು ಬೇಡ ಅಂತ ಬಿಟ್ಟಾಗ ಪುಟದ ಒಂದು ಡೇಟಾ ಆಟ್ರಿಬ್ಯೂಟ್‌ನಲ್ಲಿ ಬಿಟ್ಟ ಉತ್ತರಗಳ ಎಣಿಕೆಯನ್ನು ಒಂದು ಹೆಚ್ಚಿಸುತ್ತದೆ. ಟೆಸ್ಟ್ ಆ ಎಣಿಕೆ 1 ಆಗುವ ತನಕ ಕಾಯುತ್ತದೆ, ಆಮೇಲೆ ದರ ನೋಡುತ್ತದೆ. ಕೋಡ್ ಸರಿ ಇದ್ದರೆ ಎಣಿಕೆ ಏರುತ್ತದೆ, ಕೆಟ್ಟಿದ್ದರೆ ಏರುವುದೇ ಇಲ್ಲ, ಟೆಸ್ಟ್ ಸೋಲುತ್ತದೆ. ಆ್ಯಪ್ ಕೋಡ್ ಮುಟ್ಟಲು ಮನಸ್ಸಿಲ್ಲದಿದ್ದರೆ, ಉತ್ತರ ಮುಗಿಯುವ ತನಕ ಕಾದು, ಪುಟದ ಒಳಗೆ ರಿಕ್ವೆಸ್ಟ್ ಆನಿಮೇಷನ್ ಫ್ರೇಮ್ ಎರಡು ಸಲ ದಾಟಿಸಿ, ಆಮೇಲೆ ನೋಡಬಹುದು. ಮೊದಲನೆಯದರಷ್ಟು ಗಟ್ಟಿ ಅಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಆ್ಯಪ್‌ನಲ್ಲಿ ತಿದ್ದಿದ್ದು ನಾಲ್ಕು ಸಾಲು. ಪ್ರತಿ ರಿಕ್ವೆಸ್ಟ್‌ಗೆ ಒಂದು ಸರಣಿ ಸಂಖ್ಯೆ, ಉತ್ತರ ಬಂದಾಗ ಅದು ಕೊನೆಯ ಸಂಖ್ಯೆ ಹೌದಾ ನೋಡು, ಅಲ್ಲದಿದ್ದರೆ ಬಿಡು. ಅಬಾರ್ಟ್‌ಕಂಟ್ರೋಲರ್ ಬಳಸಿ ಹಳೆಯದನ್ನು ರದ್ದು ಮಾಡುವುದೂ ಒಳ್ಳೆಯ ದಾರಿ, ಹಳ್ಳಿಯ ನೆಟ್‌ವರ್ಕ್‌ನಲ್ಲಿ ಡೇಟಾ ಉಳಿಯುತ್ತದೆ. ಆದರೆ ಆಗ ಟೆಸ್ಟ್ ಬದಲಾಗುತ್ತದೆ. ರದ್ದಾದ ರಿಕ್ವೆಸ್ಟ್‌ಗೆ ಉತ್ತರ ಬರುವುದೇ ಇಲ್ಲ, ಅದಕ್ಕೆ ಕಾದರೆ ಟೆಸ್ಟ್ ಅಲ್ಲೇ ನಿಲ್ಲುತ್ತದೆ. ರದ್ದಾಯಿತಾ ಅನ್ನುವುದನ್ನೇ ನೋಡಿ, ಪ್ಲೇರೈಟ್‌ನಲ್ಲಿ ರಿಕ್ವೆಸ್ಟ್‌ಫೇಲ್ಡ್ ಅನ್ನುವ ಈವೆಂಟ್ ಅದನ್ನು ಹೇಳುತ್ತದೆ.

ಇನ್ನೊಂದು ಕೆಲಸ ಮರೆಯಬೇಡಿ. ಈ ಟೆಸ್ಟನ್ನು ಮೊದಲು ಕೆಟ್ಟ ಕೋಡ್ ಮೇಲೆ ಓಡಿಸಿ, ಅದು ಸೋಲುವುದನ್ನು ಕಣ್ಣಾರೆ ನೋಡಿ. ನಮ್ಮದರಲ್ಲಿ ಶಿವಮೊಗ್ಗ ಅನ್ನುವ ಹೆಸರಿನ ಕೆಳಗೆ 11111 ಬಂದು ಕೂತಾಗ, ಚಿಕ್ಕಪ್ಪ ಅವತ್ತು ಏನು ನೋಡಿದ್ದರೋ ಅದನ್ನೇ ನಾವೂ ನೋಡಿದೆವು.

ಆ್ಯಪ್‌ಗೇ ಗಡಿಯಾರ ಇದ್ದಾಗ

ತೂಬಿನಿಂದ ಎಲ್ಲವೂ ಆಗುವುದಿಲ್ಲ. ಊರು ಹುಡುಕುವ ಪೆಟ್ಟಿಗೆ ಇದೆ ಅಂದುಕೊಳ್ಳಿ. ತೀರ್ಥಹಳ್ಳಿ ಅಂತ ಬರೆಯುವಾಗ ಒಂದೊಂದು ಅಕ್ಷರಕ್ಕೂ ರಿಕ್ವೆಸ್ಟ್ ಹೋಗಬಾರದು ಅಂತ ಬೆರಳು ನಿಂತ ಮೇಲೆ 300 ಮಿಲಿಸೆಕೆಂಡ್ ಕಾಯುವ ಹಾಗೆ ಮಾಡಿರುತ್ತೀರಿ. ಇಲ್ಲಿ ಹೊತ್ತು ಆ್ಯಪ್‌ನ ಒಳಗೇ ಇದೆ. ಇದಕ್ಕೆ ನಕಲಿ ಗಡಿಯಾರ ಬೇಕು. ಸೈಪ್ರೆಸ್‌ನಲ್ಲಿ ಕ್ಲಾಕ್ ಮತ್ತು ಟಿಕ್, ಜೆಸ್ಟ್‌ನಲ್ಲಿ ಫೇಕ್ ಟೈಮರ್ಸ್, ಪ್ಲೇರೈಟ್‌ನಲ್ಲಿ 2024ರ 1.45 ಆವೃತ್ತಿಯಿಂದ ಪೇಜ್ ಡಾಟ್ ಕ್ಲಾಕ್. ಗಡಿಯಾರ ನಿಲ್ಲಿಸಿ, ಬರೆಯಿರಿ, 299 ಮುಂದೆ ತಳ್ಳಿ, ರಿಕ್ವೆಸ್ಟ್ ಹೋಗಿರಬಾರದು. ಇನ್ನೂ 1 ತಳ್ಳಿ, ಈಗ ಒಂದೇ ಒಂದು ಹೋಗಿರಬೇಕು. ಪ್ಲೇರೈಟ್‌ನಲ್ಲಿ ಗಡಿಯಾರ ಇನ್‌ಸ್ಟಾಲ್ ಮಾಡಿದರೆ ಮಾತ್ರ ಸಾಲದು, ಅದು ಮಾಮೂಲಿನಂತೆ ಓಡುತ್ತಲೇ ಇರುತ್ತದೆ, ಪಾಸ್‌ಅಟ್ ಕರೆದು ನಿಲ್ಲಿಸಬೇಕು.

ತೂಬು ಮತ್ತು ಗಡಿಯಾರ ಎರಡನ್ನೂ ಒಟ್ಟಿಗೆ ಬಳಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಸ್ಟಬ್ ಯಾವ ಗಡಿಯಾರ ನೋಡುತ್ತಿದೆ? ಸೈಪ್ರೆಸ್ ಮತ್ತು ಪ್ಲೇರೈಟ್‌ನಲ್ಲಿ ನಕಲಿ ಗಡಿಯಾರ ಪುಟದ್ದು ಮಾತ್ರ. ಇಂಟರ್ಸೆಪ್ಟ್‌ನ ಡಿಲೇ ಪುಟದ ಹೊರಗೆ ನಡೆಯುತ್ತದೆ, ಟಿಕ್ ಎಷ್ಟು ತಳ್ಳಿದರೂ ಅದಕ್ಕೆ ತಾಗುವುದಿಲ್ಲ. ಜೆಸ್ಟ್‌ನಲ್ಲಿ ಎಂಎಸ್‌ಡಬ್ಲ್ಯೂ ಬಳಸುವಾಗ ಇದಕ್ಕೆ ತದ್ವಿರುದ್ಧ, ಎಲ್ಲವೂ ಒಂದೇ ಪ್ರೊಸೆಸ್. ನಕಲಿ ಗಡಿಯಾರ ಹಾಕಿದ ಕೂಡಲೇ ಸ್ಟಬ್‌ನ ಡಿಲೇ ಕೂಡ ಹೆಪ್ಪುಗಟ್ಟುವುದುಂಟು. ಅಷ್ಟೇ ಅಲ್ಲ, ಜೆಸ್ಟ್ ಕ್ಯೂಮೈಕ್ರೋಟಾಸ್ಕ್ (ಈಗಿನ ಕೋಡ್ ಮುಗಿದ ಕೂಡಲೇ ಸಣ್ಣ ಕೆಲಸ ಓಡಿಸುವ ಫಂಕ್ಷನ್) ಅನ್ನೂ ನಕಲಿ ಮಾಡುತ್ತದೆ, ರಿಕ್ವೆಸ್ಟ್ ಕಳಿಸುವ ನೋಡ್‌ನ ಫೆಚ್ ಉತ್ತರದ ಒಳಭಾಗ ಓದುವುದಕ್ಕೆ ಅದನ್ನೇ ನೆಚ್ಚಿಕೊಂಡಿದೆ, ಹಾಗಾಗಿ ಉತ್ತರ ಬಂದರೂ ಓದಲಾಗದೆ ಟೆಸ್ಟ್ ನೇತಾಡುತ್ತದೆ. ನಕಲಿ ಮಾಡಬೇಡ ಅನ್ನುವ ಡುನಾಟ್‌ಫೇಕ್ ಪಟ್ಟಿಗೆ ಅದನ್ನು ಸೇರಿಸಿ. ಗಡಿಯಾರ ತಳ್ಳುವಾಗ ಅಡ್ವಾನ್ಸ್‌ಟೈಮರ್ಸ್‌ಬೈಟೈಮ್‌ನ ಅಸಿಂಕ್ ರೂಪವನ್ನೇ ಬಳಸಿ, ಅದು ನಡುವೆ ಪ್ರಾಮಿಸ್‌ಗಳಿಗೂ ಓಡಲು ಬಿಡುತ್ತದೆ. ಸಾದಾ ರೂಪ ಟೈಮರ್‌ಗಳನ್ನು ಮಾತ್ರ ಓಡಿಸುತ್ತದೆ.

ಬರದೇ ಹೋಗುವ ಉತ್ತರ

ಆಗುಂಬೆ ಕಡೆ ಮಳೆ ಜೋರಾದಾಗ ಫೋನ್‌ನಲ್ಲಿ ಕಡ್ಡಿ ಕಾಣುತ್ತದೆ, ಏನೂ ಬರುವುದಿಲ್ಲ. ಇದು ನೆಟ್‌ವರ್ಕ್ ಕಡಿದುಹೋದದ್ದಕ್ಕಿಂತ ಬೇರೆ, ಸರ್ವರ್ 500, ಅಂದರೆ ನನ್ನಲ್ಲೇ ತಪ್ಪಾಗಿದೆ, ಅಂದದ್ದಕ್ಕಿಂತ ಬೇರೆ. ಮೂರಕ್ಕೂ ಬೇರೆ ಬೇರೆ ಟೆಸ್ಟ್ ಬೇಕು. ಕಡಿದುಹೋದದ್ದಕ್ಕೆ ಸೈಪ್ರೆಸ್‌ನಲ್ಲಿ ಫೋರ್ಸ್‌ನೆಟ್‌ವರ್ಕ್‌ಎರರ್, ಪ್ಲೇರೈಟ್‌ನಲ್ಲಿ ರೂಟ್‌ನ ಅಬಾರ್ಟ್ ಇವೆ. ಬರದೇ ಇರುವುದಕ್ಕೆ ತೂಬನ್ನು ಮುಚ್ಚಿಟ್ಟೇ ಇರುವುದು ಸಾಕು, ಎಂಎಸ್‌ಡಬ್ಲ್ಯೂನಲ್ಲಾದರೆ ಡಿಲೇಗೆ ಇನ್ಫಿನಿಟ್ ಅನ್ನುವ ಪದ ಕೊಡಬಹುದು.

ಅದರ ಬದಲು ಸೊನ್ನೆ ಮೇಲೆ ಸೊನ್ನೆ ಸೇರಿಸಿ ದೊಡ್ಡ ಅಂಕಿ ಬರೆಯುವುದನ್ನು ನೋಡಿದ್ದೇನೆ. ಸೆಟ್‌ಟೈಮ್‌ಔಟ್ ಹಿಡಿಯುವ ಅತಿ ದೊಡ್ಡ ಅಂಕಿ 2147483647 ಮಿಲಿಸೆಕೆಂಡ್, ಅಂದಾಜು 24.8 ದಿನ. ಅದಕ್ಕಿಂತ ಒಂದು ಹೆಚ್ಚಾದರೂ ಅಂಕಿ ತುಂಬಿ ಚೆಲ್ಲಿ, ಉತ್ತರ ಕೂಡಲೇ ಬಂದುಬಿಡುತ್ತದೆ. ಯಾವತ್ತೂ ಬರಬಾರದು ಅಂತ ಬರೆದದ್ದು ಎಲ್ಲದಕ್ಕಿಂತ ಮೊದಲು ಬರುತ್ತದೆ.

ಮತ್ತೆ ಈ ಟೆಸ್ಟ್ ಬರೆಯಲು ಕೂತಾಗಲೇ ಆ್ಯಪ್‌ಗೆ ಟೈಮ್‌ಔಟ್ ಇಟ್ಟೇ ಇಲ್ಲ ಅನ್ನುವುದು ಎಷ್ಟೋ ಜನರಿಗೆ ಗೊತ್ತಾಗುವುದು. ಫೆಚ್‌ಗೆ ಟೈಮ್‌ಔಟ್ ಅನ್ನುವ ಆಯ್ಕೆಯೇ ಇಲ್ಲ, ಅಬಾರ್ಟ್‌ಸಿಗ್ನಲ್ ಡಾಟ್ ಟೈಮ್‌ಔಟ್ ಮಾಡಿ ಸಿಗ್ನಲ್ ಆಗಿ ಕೊಡಬೇಕು, ಇಲ್ಲವೇ ಸೆಟ್‌ಟೈಮ್‌ಔಟ್ ಜೊತೆ ಅಬಾರ್ಟ್‌ಕಂಟ್ರೋಲರ್ ಸೇರಿಸಬೇಕು. ನಕಲಿ ಗಡಿಯಾರದಲ್ಲಿ ಪರೀಕ್ಷಿಸುವುದಿದ್ದರೆ ಎರಡನೆಯದನ್ನೇ ಆರಿಸಿ. ಆಗ ತೂಬು ಮುಚ್ಚಿ, ಗಡಿಯಾರ ಹತ್ತು ಸೆಕೆಂಡ್ ತಳ್ಳಿ, 'ನೆಟ್‌ವರ್ಕ್ ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಿ' ಬಂತಾ ಅಂತ ನೋಡಬಹುದು. ನಿಜವಾದ ಹತ್ತು ಸೆಕೆಂಡ್ ಕಾಯಬೇಕಾಗಿಲ್ಲ.

ಮಿಲಿಸೆಕೆಂಡ್ ಡಿಲೇ ಸರಿ ಅನ್ನಿಸುವ ಜಾಗವೂ ಇದೆ. ಚಕ್ರ ಹೇಗೆ ಕಾಣುತ್ತದೆ ಅಂತ ಕಣ್ಣಲ್ಲಿ ನೋಡುವಾಗ, ಯಾರಿಗಾದರೂ ತೋರಿಸುವಾಗ ಹಾಕಿಕೊಳ್ಳಿ. ಸರ್ವರ್‌ನಿಂದ ಸರ್ವರ್‌ಗೆ ಹೋಗುವ ಕರೆಗಳ ಭಾರ ಅಳೆಯುವಾಗ ವೈರ್‌ಮಾಕ್ ಅನ್ನುವ ಸ್ಟಬ್ ಸರ್ವರ್ ಚೆನ್ನಾಗಿದೆ, ಅದರಲ್ಲಿ ಒಂದೇ ಅಳತೆಯ ತಡ, ಏರಿಳಿತದ ತಡ, ಉತ್ತರವನ್ನು ತುಂಡು ತುಂಡಾಗಿ ತೊಟ್ಟಿಕ್ಕಿಸುವುದು ಎಲ್ಲ ಇದೆ.

ಇರುವ ಟೆಸ್ಟ್‌ಗಳನ್ನು ತಿದ್ದುವಾಗ ಎಲ್ಲವನ್ನೂ ಒಂದೇ ದಿನ ಮುಟ್ಟಬೇಡಿ. ಫೈಲುಗಳಲ್ಲಿ ಡಿಲೇ ಅಂತಲೂ, ಅಂಕಿ ಕೊಟ್ಟ ವೇಟ್ ಅಂತಲೂ ಹುಡುಕಿ ಪಟ್ಟಿ ಮಾಡಿ. ಸಿಐನಲ್ಲಿ ಆಗಾಗ ಬೀಳುವವು ಮೊದಲು, ದುಡ್ಡು ಮತ್ತು ದರ ತೋರಿಸುವ ಪರದೆಗಳವು ಅವುಗಳ ಜೊತೆಗೇ. ಒಂದೊಂದನ್ನೂ ತಿದ್ದಿದ ಮೇಲೆ ಪ್ಲೇರೈಟ್‌ನಲ್ಲಿ ರಿಪೀಟ್ ಈಚ್ ಆಯ್ಕೆ ಕೊಟ್ಟು 50 ಸಲ ಓಡಿಸಿ, ಆ ಹೊತ್ತಿಗೆ ಯಂತ್ರದಲ್ಲಿ ಬೇರೆ ಯಾವುದಾದರೂ ಭಾರದ ಕೆಲಸವನ್ನೂ ಹಚ್ಚಿಡಿ. 49 ಹಸಿರು ಬಂದು ಒಂದು ಕೆಂಪು ಬಂದರೆ ಮತ್ತೆ ಓಡಿಸಿ ಮುಂದೆ ಹೋಗಬೇಡಿ, ಆ ಒಂದರ ಟ್ರೇಸ್, ಅಂದರೆ ಟೆಸ್ಟ್ ಓಡಿದ್ದರ ದಾಖಲೆ, ತೆರೆದು ಯಾವ ರಿಕ್ವೆಸ್ಟ್ ತೂಬು ಇಲ್ಲದೆ ದಾಟಿತು ಅಂತ ನೋಡಿ. ನಮ್ಮದರಲ್ಲಿ ಅದು ಪುಟ ತೆರೆದಾಗ ತಾನಾಗಿ ಹೋಗುವ ಊರುಗಳ ಪಟ್ಟಿಯ ರಿಕ್ವೆಸ್ಟ್ ಆಗಿತ್ತು.